ಗಾಳ ಬಿಡಿಸುವಾಗ ಕೈ ನಡುಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನನಗೀಗ 62. ಆರೇಳು ವರ್ಷದವನಿದ್ದಾಗಿಂದ ಅಪ್ಪನ ಜೊತೆ ಗಾಳ ಹಾಕೋಕೆ ಹೋಗ್ತಿದ್ದೆ, ಬೆಂಡು ಮುಳುಗಿದ್ರೆ ಸಾಕು ಎದೆ ಡವಡವ ಅಂತಿತ್ತು. ವಯಸ್ಸಲ್ಲಿ ರಾಡು, ರೀಲು ಅಂತ ಹುಚ್ಚು ಹತ್ತಿ, ಯಾರ ಮೀನು ದೊಡ್ಡದು ಅಂತ ತೂಕ ಹಾಕಿ ಫೋಟೋ ತೆಗೆಸ್ಕೊಂಡಿದ್ದೂ ಆಯ್ತು. ಈಗ ನಾಲ್ಕೈದು ವರ್ಷದಿಂದ ಮೀನಿನ ಬಾಯಿಂದ ಗಾಳ ಬಿಡಿಸುವಾಗ ಕೈ ನಡುಗುತ್ತೆ. ಹಿಡಿದು ವಾಪಸ್ ನೀರಿಗೇ ಬಿಡ್ತೀನಿ, ಅದ್ರಲ್ಲೂ ಸಮಾಧಾನ ಇಲ್ಲ. ಮೊಮ್ಮಗ ಬೇರೆ "ತಾತ ನಂಗೂ ಕಲಿಸು" ಅಂತ ಹಠ ಹಿಡಿದಿದಾನೆ. ಮೀನಿಗೆ ನಿಜವಾಗ್ಲೂ ನೋವಾಗುತ್ತಾ? ಇಷ್ಟು ವರ್ಷ ಪಟ್ಟ ಖುಷಿ ಎಲ್ಲ ತಪ್ಪಾ?

ಉತ್ತರ: ನಾನೂ ಗಾಳ ಹಾಕ್ತಾ ಬೆಳೆದವನೇ, ಹಾಗಾಗಿ ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನೋವಿನ ವಿಷಯ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತೆ ಅವರ ಜೊತೆಯವರು ರೈನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ, ಪೆಟ್ಟು ಬಿದ್ರೆ ಗುರುತಿಸೋ ನರಗಳಿವೆ ಅಂತ ತೋರಿಸಿದ್ರು. ತುಟಿಗೆ ಜೇನುಹುಳದ ವಿಷ ಇಲ್ಲಾ ಅಸಿಟಿಕ್ ಆಸಿಡ್ ಚುಚ್ಚಿದಾಗ ಮೀನು ತುಂಬಾ ಹೊತ್ತು ಆಹಾರ ಮುಟ್ಟಲಿಲ್ಲ, ಕಿವಿರು ಜೋರಾಗಿ ಬಡ್ಕೊಳ್ತಾ ಇತ್ತು, ಆಸಿಡ್ ಬಿದ್ದ ಮೀನುಗಳಂತೂ ತುಟೀನ ತೊಟ್ಟಿಯ ಕಲ್ಲಿಗೆ ಉಜ್ಜಿದ್ವು. ಮೀನಿನ ಮೆದುಳಲ್ಲಿ ನಮ್ಮ ಥರದ ಕಾರ್ಟೆಕ್ಸ್, ಅಂದ್ರೆ ಮೆದುಳಿನ ಹೊರಪದರ, ಇಲ್ಲ, ಆದ್ದರಿಂದ ನಮ್ಮಂಥ ನೋವಿನ ಅನುಭವ ಅದಕ್ಕಿರೋಕೆ ಸಾಧ್ಯವಿಲ್ಲ ಅನ್ನೋ ವಿಜ್ಞಾನಿಗಳೂ ಇದ್ದಾರೆ, ಆ ವಾದ ಇನ್ನೂ ನಡೀತಿದೆ. ನನಗಂತೂ ಆ ತುಟಿ ಉಜ್ಜಿದ ಸಂಗತಿ ಓದಿದ ಮೇಲೆ ಅನುಮಾನ ಉಳೀಲಿಲ್ಲ.

ಖುಷಿ ತಪ್ಪಾ ಅಂದ್ರಲ್ಲ, ಅದನ್ನ ಒಪ್ಪೋಕೆ ನನ್ನಿಂದಾಗಲ್ಲ. ನೀವು ಬರೆದಿದ್ದನ್ನೇ ನೋಡಿ, ಚಿಕ್ಕವರಿದ್ದಾಗ ನಿಮ್ಮ ಕಣ್ಣು ಇದ್ದಿದ್ದು ಬೆಂಡಿನ ಮೇಲೆ, ಪಕ್ಕದಲ್ಲಿ ಅಪ್ಪ ಇದ್ರು, ನೀರೊಳಗೆ ಏನಿದೆ ಅನ್ನೋ ಕುತೂಹಲ ಇತ್ತು. ಆಮೇಲೆ ಕಣ್ಣು ತಕ್ಕಡಿ ಮೇಲೆ ಹೋಯ್ತು. ಈಗಷ್ಟೇ ಮೀನಿನ ಮೇಲೆ ಬಂದಿದೆ. ಅಪ್ಪನ ಜೊತೆ ಮಾತಿಲ್ಲದೆ ಕೂತ ಆ ಬೆಳಗುಗಳನ್ನ ಇವತ್ತಿನ ಸಂಕಟಕ್ಕೋಸ್ಕರ ಯಾಕೆ ಕಳ್ಕೋತೀರಾ, ಅವು ನಿಮ್ಮವೇ.

ಆದ್ರೆ ಹಿಡಿದು ಬಿಡೋದ್ರಲ್ಲಿ ಸಮಾಧಾನ ಸಿಗ್ತಿಲ್ಲ ಅಂದ್ರಲ್ಲ, ಅದು ಸರಿಯಾಗೇ ಇದೆ. ದಾರದ ತುದೀಲಿ ಒದ್ದಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಳ್ಳುತ್ತೆ, ಗಾಳಿಗೆ ಎತ್ತಿದ ತಕ್ಷಣ ಕಿವಿರಿನ ಪದರಗಳು ಒಂದಕ್ಕೊಂದು ಅಂಟ್ಕೊಂಡು ಉಸಿರು ಕಟ್ಟುತ್ತೆ, ಒಣಗೈಲಿ ಹಿಡಿದ್ರೆ ಮೈಮೇಲಿನ ಲೋಳೆ ಕಿತ್ತು ಬಂದು ರೋಗ ತಗಲೋಕೆ ದಾರಿಯಾಗುತ್ತೆ. ನೋಡೋಕೆ ಚೆನ್ನಾಗೇ ಈಜ್ಕೊಂಡು ಹೋದದ್ದೂ ಆಮೇಲೆ ಸಾಯ್ಬಹುದು, ಅದೂ ನೀರು ಬೆಚ್ಚಗಿರೋ ದಿನಗಳಲ್ಲಿ ಜಾಸ್ತಿ, ಯಾಕಂದ್ರೆ ಬೆಚ್ಚಗಿನ ನೀರಲ್ಲಿ ಆಕ್ಸಿಜನ್ ಕಮ್ಮಿ. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿರಕ್ಷಣೆ ನಿಯಮದಲ್ಲಂತೂ ವಾಪಸ್ ಬಿಡೋ ಉದ್ದೇಶದಿಂದಲೇ ಮೀನು ಹಿಡಿಯೋದನ್ನ ನಿಷೇಧಿಸಿದ್ದಾರೆ. ತಿನ್ನೋಕಾದ್ರೆ ಹಿಡೀರಿ, ಇಲ್ಲಾಂದ್ರೆ ಗಾಳ ಹಾಕ್ಲೇಬೇಡಿ ಅನ್ನೋದು ನನ್ನ ಅಭಿಪ್ರಾಯ, ಗೆಳೆಯರು ಇದಕ್ಕೆ ಜಗಳ ಆಡ್ತಾರೆ, ಆಡ್ಲಿ.

ಮೊಮ್ಮಗನ್ನ ಕರ್ಕೊಂಡೇ ಹೋಗಿ. ಮೊದಲೆರಡು ಸಲ ಗಾಳ ಇಲ್ದೆ ಹೋಗಿ, ನೀರು ನೋಡೋದು, ಗುಳ್ಳೆ ಎಲ್ಲಿ ಏಳುತ್ತೆ, ನೆರಳು ಎಲ್ಲಿದೆ, ಮೀನು ಎಲ್ಲಿ ನಿಲ್ಲುತ್ತೆ ಅಂತ ನಿಮ್ಮಪ್ಪ ಹೇಳ್ಕೊಟ್ಟಿರ್ತಾರಲ್ಲ, ಅದನ್ನೇ ಹೇಳ್ಕೊಡಿ. ಆಮೇಲೂ ಅವನಿಗೆ ಆಸೆ ಇದ್ರೆ ತುದೀಲಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ ಗಾಳ ತಗೊಂಡು ಹೋಗಿ, ಒಂದೇ ಮೀನು ಅಂತ ಮೊದಲೇ ಮಾತಾಡ್ಕೊಳ್ಳಿ, ಸಿಕ್ಕಿದ ತಕ್ಷಣ ತಲೆಗೆ ಒಂದೇ ಗಟ್ಟಿ ಪೆಟ್ಟು, ಬಕೆಟ್‌ನಲ್ಲಿ ಒದ್ದಾಡೋಕೆ ಬಿಡ್ಬೇಡಿ. ಸಣ್ಣದು ಸಿಕ್ರೆ ಕೈ ಒದ್ದೆ ಮಾಡ್ಕೊಂಡು ನೀರಲ್ಲೇ ಬಿಡಿಸಿ, ಗಾಳ ಗಂಟಲೊಳಗೆ ಇಳಿದಿದ್ರೆ ಕೀಳ್ಬೇಡಿ, ದಾರ ಕತ್ತರಿಸಿಬಿಡಿ. ಆವಾಗ ನಿಮ್ಮ ಕೈ ನಡುಗಿದ್ರೆ ಅವನಿಂದ ಮುಚ್ಚಿಡ್ಬೇಡಿ. ಯಾಕೆ ತಾತ ಅಂತ ಕೇಳ್ತಾನೆ, ನನಗೆ ಬರೆದದ್ದನ್ನೇ ಅವನಿಗೂ ಹೇಳಿ.