ಮುಂಬೈ ಲೋಕಲ್‌ನ ಹಳೇ ಡಿಸಿ (ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಿನ) ಗಾಡಿಗಳು ಮರೆಯಾಗುತ್ತಿದ್ದ ಕಾಲದಲ್ಲಿ ಯಾರಾದರೂ ವಿಡಿಯೊ ಮಾಡಿದ್ದೀರಾ? ಹೇಗಿತ್ತು?

ನಾನು ಮಾಡಿದ್ದೇನೆ. ಮಾಡಿದ್ದರಲ್ಲಿ ಅರ್ಧವನ್ನು ನಾನೇ ಹಾಳು ಮಾಡಿಕೊಂಡೆ.

2009ರಿಂದ ಮೂರು ವರ್ಷ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವನ ಹತ್ತಿರ ಮಿನಿ ಡಿವಿ ಟೇಪ್ ಹಾಕುವ ಹ್ಯಾಂಡಿಕ್ಯಾಮ್ ಇತ್ತು. ಮಕ್ಕಳ ಹುಟ್ಟುಹಬ್ಬ ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಭಾನುವಾರ ಅದನ್ನು ಎತ್ತಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದೆ. ಒಮ್ಮೆ ಸಮವಸ್ತ್ರದಲ್ಲಿದ್ದ ಒಬ್ಬರು ತಡೆದು, ಟೇಪ್ ಪೂರ್ತಿ ನೋಡಿಯೇ ಬಿಟ್ಟರು. ಅದರಲ್ಲಿ ಜಾಸ್ತಿ ಇದ್ದದ್ದು ಅಕ್ಕನ ಮಗಳ ಕೇಕ್!

ಆಗ ಎಲ್ಲರ ಕಣ್ಣು ಬಿಳಿ-ನೇರಳೆ ಬಣ್ಣದ ಹೊಸ ಸೀಮೆನ್ಸ್ ಗಾಡಿಗಳ ಮೇಲೆ. ಅವು ಓಡಲು ಶುರುವಾಗಿದ್ದು 2007ರಲ್ಲಿ. ನಾನೂ ಅವನ್ನೇ ಕಾಯುತ್ತಿದ್ದೆ. ಹಳೇ ಗಾಡಿ ಬಂದರೆ ಕ್ಯಾಮೆರಾ ಆಫ್, ಟೇಪ್ ಉಳಿಸಬೇಕಲ್ವಾ? ಇನ್ನೂ ದೊಡ್ಡ ತಪ್ಪೆಂದರೆ, ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ, ಮೂಲ ಶಬ್ದ ಅಳಿಸಿ, ಮೇಲೆ ಸಿನಿಮಾ ಹಾಡು ಕೂರಿಸುತ್ತಿದ್ದೆ. ಅದೇ ಟೇಪಿನ ಮೇಲೆ ಮತ್ತೆ ಶೂಟಿಂಗ್. ಈಗ ನೋಡಿದರೆ ಗಾಡಿ ಬರುತ್ತದೆ, ಹಾಡು ಕೇಳುತ್ತದೆ, ಅಷ್ಟೇ.

ಹೋದದ್ದು ಆ ಶಬ್ದ. ಹಳೇ ಗಾಡಿ ನಿಂತಾಗ ಕೆಳಗಿನ ಕಂಪ್ರೆಸರ್ ಡಗಡಗ ಅನ್ನುತ್ತಿತ್ತು. ಹೊರಡುವಾಗ ಮೋಟಾರಿಗೆ ಹೋಗುವ ಕರೆಂಟನ್ನು ತಡೆಯುವ ರೆಸಿಸ್ಟರ್‌ಗಳು ಒಂದೊಂದೇ ಹಂತ ಕಳಚಿಕೊಳ್ಳುತ್ತಿದ್ದಂತೆ ಸಣ್ಣ ಸಣ್ಣ ಜಗ್ಗು, ಬಾಗಿಲಲ್ಲಿ ನಿಂತವರೆಲ್ಲ ಒಟ್ಟಿಗೆ ವಾಲುತ್ತಿದ್ದರು. ಸೀಮೆನ್ಸ್ ಹಾಗಲ್ಲ, ರಾಗ ಎಳೆದಂತೆ ನುಣ್ಣಗೆ ಹೊರಡುತ್ತದೆ. ಪ್ರಯಾಣಿಕರಿಗೆ ಅದೇ ಒಳ್ಳೆಯದು, ಒಪ್ಪುತ್ತೇನೆ.

ಬದಲಾವಣೆ ಬೇಕಿತ್ತು ಕೂಡ. 1,500 ವೋಲ್ಟ್ ಡಿಸಿಯಲ್ಲಿ ಉದ್ದದ ಗಾಡಿ ಎಳೆಯಲು ತಂತಿಯಲ್ಲಿ ಭಾರಿ ಕರೆಂಟ್ ಹರಿಸಬೇಕು, ಸಬ್‌ಸ್ಟೇಷನ್‌ಗಳೂ ಹತ್ತಿರ ಹತ್ತಿರ ಇರಬೇಕು. 25,000 ವೋಲ್ಟ್ ಎಸಿಗೆ (ದಿಕ್ಕು ಬದಲಿಸುತ್ತಾ ಹರಿಯುವ ಪರ್ಯಾಯ ವಿದ್ಯುತ್, ಹವಾನಿಯಂತ್ರಣ ಅಲ್ಲ) ಆ ತಾಪತ್ರಯ ಕಡಿಮೆ. ಪಶ್ಚಿಮ ರೈಲ್ವೆಯ ಲೋಕಲ್ ಮಾರ್ಗ 2012ರಲ್ಲಿ ಪೂರ್ತಿ ಎಸಿ ಆಯಿತು. ಕೊನೆಗೆ ಉಳಿದದ್ದು ಹಾರ್ಬರ್ ಲೈನ್. ಅಲ್ಲಿ 2016ರ ಏಪ್ರಿಲ್ 9ರ ರಾತ್ರಿ ಕೊನೆಯ ಡಿಸಿ ಗಾಡಿ ಕುರ್ಲಾದಿಂದ ಸಿಎಸ್‌ಟಿಗೆ (ಛತ್ರಪತಿ ಶಿವಾಜಿ ಟರ್ಮಿನಸ್‌ಗೆ) ಹೋಯಿತು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಓಡಿದ್ದೂ ಇದೇ ಎರಡು ಸ್ಟೇಷನ್‌ಗಳ ನಡುವೆ. ಅಷ್ಟೊತ್ತಿಗೆ ನಾನು ಊರಿಗೆ ಬಂದಿದ್ದೆ. ಫೋನಿನಲ್ಲಿ ಬೇರೆಯವರು ತೆಗೆದ ವಿಡಿಯೊ ನೋಡಿದೆ.

ಒಂದೇ ಒಂದು ಟೇಪ್ ಉಳಿದಿದೆ. ಸುಮ್ನೆ ಬ್ಯಾಗಿನಲ್ಲಿ ಕ್ಯಾಮೆರಾ ಆನ್ ಆಗಿಯೇ ಉಳಿದಿತ್ತು. ಕಸಾರಾ ಕಡೆ ಹೋಗುವ ಗಾಡಿ. ಚಿತ್ರ ಪೂರ್ತಿ ಕಪ್ಪು. ಡಿಸಿ ಮುಗಿದು ಎಸಿ ಶುರುವಾಗುವ ಕಡೆ ತಂತಿಯಲ್ಲಿ ಸ್ವಲ್ಪ ದೂರ ಕರೆಂಟ್ ಇರುತ್ತಿರಲಿಲ್ಲ. ಅಲ್ಲಿ ಫ್ಯಾನ್ ನಿಲ್ಲುತ್ತದೆ, ಮೋಟಾರ್ ಸುಮ್ಮನಾಗುತ್ತದೆ, ಬರೀ ಗಾಲಿಯ ಸದ್ದು. ಆಗ ಯಾರೋ ಅಜ್ಜಿ ಮರಾಠಿಯಲ್ಲಿ ಮೆಂತ್ಯ ಸೊಪ್ಪಿನ ರೇಟು ಹೇಳುವುದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಫ್ಯಾನುಗಳೆಲ್ಲ ಮತ್ತೆ ಗರಗರ ಅನ್ನುತ್ತವೆ.