401(ಕೆ) ದುಡ್ಡನ್ನು ಹೊರಡುವ ವರ್ಷವೇ ತೆಗೆಯಬೇಡಿ

ಈಗಷ್ಟೇ ಡಲ್ಲಾಸ್‌ಗೆ ಬಂದು ಕೆಲಸಕ್ಕೆ ಸೇರಿದ್ದೀರಿ. ಐದಾರು ವರ್ಷ ಆದ ಮೇಲೆ ಮೈಸೂರಿಗೆ ವಾಪಸ್ ಹೋಗೋದಾದರೆ 401(ಕೆ)ಗೆ, ಅಂದರೆ ತೆರಿಗೆಗೆ ಮೊದಲೇ ಸಂಬಳದಿಂದ ಕೂಡಿಡುವ ನಿವೃತ್ತಿ ಖಾತೆಗೆ, ದುಡ್ಡು ಯಾಕೆ ಹಾಕಬೇಕು ಅಂತ ಕೇಳಿದ್ದೀರಿ. ಹಾಕಿ. ನೀವು ಹಾಕಿದ್ದಕ್ಕೆ ಕಂಪನಿ ತನ್ನ ಕಡೆಯಿಂದ ಸೇರಿಸುವ ದುಡ್ಡು, ಅಂದರೆ ಮ್ಯಾಚ್, ಪೂರ್ತಿ ಸಿಗುವಷ್ಟಾದರೂ ಹಾಕಿ. ಅದು ನಿಮ್ಮ ಸಂಬಳದ ಭಾಗವೇ, ಸುಮ್ನೆ ಯಾಕೆ ಬಿಡ್ತೀರಿ? ತಲೆನೋವು ಇರೋದು ಹಾಕೋದರಲ್ಲಲ್ಲ, ತೆಗೆಯೋದರಲ್ಲಿ.

ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ: "ಹೋಗುವಾಗ ಎಲ್ಲ ಕಿತ್ಕೊಂಡು ಹೋಗಿಬಿಡಿ, 10 ಪರ್ಸೆಂಟ್ ದಂಡ ತಾನೇ?" ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲು ತೆಗೆದರೆ ದಂಡ 10 ಪರ್ಸೆಂಟೇ. ಆದರೆ ತೆರಿಗೆ ಬೇರೆ. ಖಾತೆಯಲ್ಲಿ 60,000 ಡಾಲರ್ ಇದೆ, ಅಕ್ಟೋಬರ್ ಕೊನೆಗೆ ಹೊರಡುತ್ತೀರಿ ಅಂದುಕೊಳ್ಳಿ. ಹತ್ತು ತಿಂಗಳ ಸಂಬಳದ ಮೇಲೆ ಈ 60,000 ಬಂದು ಕೂರುತ್ತದೆ. ಅಷ್ಟೂ 24 ಪರ್ಸೆಂಟ್ ಸ್ಲ್ಯಾಬ್‌ಗೆ ಬಿದ್ದರೆ ತೆರಿಗೆ 14,400, ದಂಡ 6,000. ಒಟ್ಟು 20,400, ಅಂದರೆ ಮೂರರಲ್ಲೊಂದು ಪಾಲು ಹೋಯ್ತು. ಕೈಗೆ ಕೊಡುವಾಗ ಮುರಿದುಕೊಳ್ಳೋದು ಮಾತ್ರ 20 ಪರ್ಸೆಂಟ್, 12,000. ಉಳಿದ 8,400 ಮುಂದಿನ ಏಪ್ರಿಲ್‌ನಲ್ಲಿ ರಿಟರ್ನ್ ಹಾಕುವಾಗ ಕಟ್ಟಬೇಕು. ಅಷ್ಟು ಹೊತ್ತಿಗೆ ಆ ದುಡ್ಡು ಮೈಸೂರಿನ ಸೈಟಿನ ಮೇಲೆ ಬಿದ್ದಿರುತ್ತದೆ, ಅಲ್ವಾ?

ದೇಶ ಬಿಟ್ಟರೂ ಖಾತೆ ನಿಮ್ಮದೇ. ಖಾಲಿ ಮಾಡಲೇಬೇಕು ಅಂತ ಕಾನೂನಿಲ್ಲ. ಹಳೇ ಕಂಪನಿಯ ಸಹವಾಸ ಬೇಡ ಅನ್ನಿಸಿದರೆ ಟ್ರೆಡಿಷನಲ್ ಐಆರ್‌ಎಗೆ (ಕಂಪನಿಯ ಹಂಗಿಲ್ಲದ, ನಿಮ್ಮದೇ ನಿವೃತ್ತಿ ಖಾತೆ) ನೇರವಾಗಿ ರೋಲ್‌ಓವರ್, ಅಂದರೆ ವರ್ಗಾವಣೆ, ಮಾಡಿಸಿ. ಅದಕ್ಕೆ ತೆರಿಗೆಯೂ ಇಲ್ಲ, ದಂಡವೂ ಇಲ್ಲ.

ಇನ್ನು ಭಾರತದ ಕಡೆಯ ಲೆಕ್ಕ. ಹೋದ ಕೂಡಲೇ ನಿಮ್ಮನ್ನು ಪೂರ್ತಿ ರೆಸಿಡೆಂಟ್ ಅಂತ ಹಿಡಿಯೋದಿಲ್ಲ. ಹಿಂದಿನ 7 ವರ್ಷಗಳಲ್ಲಿ ಅಲ್ಲಿ ಕಳೆದ ದಿನಗಳು 729 ದಾಟದಿದ್ದರೆ ನೀವು ಆರ್‌ಎನ್‌ಒಆರ್ (ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್), ಅಂದರೆ ಅರೆ ರೆಸಿಡೆಂಟ್. ಆ ಅವಧಿಯಲ್ಲಿ ಇಂಥ ಹೊರದೇಶದ ಆದಾಯಕ್ಕೆ ಭಾರತ ಕೈ ಹಾಕೋದಿಲ್ಲ. ಸ್ವಲ್ಪ ತೆಗೆಯಲೇಬೇಕು ಅಂತಾದರೆ, ಅಮೆರಿಕದ ಸಂಬಳ ನಿಂತ ಆ ವರ್ಷಗಳೇ ವಾಸಿ. ದಂಡ ತಪ್ಪೋದಿಲ್ಲ. ಅಮೆರಿಕದ ಕಡೆ ನಾನ್‌ರೆಸಿಡೆಂಟ್ ಅಂತ ಮಾಮೂಲಿಯಾಗಿ 30 ಪರ್ಸೆಂಟ್ ಹಿಡಿಯುತ್ತಾರೆ. ಜಾಸ್ತಿ ಹಿಡಿದಿದ್ದನ್ನು 1040-ಎನ್‌ಆರ್ (ನಾನ್‌ರೆಸಿಡೆಂಟ್‌ಗಳು ಅಮೆರಿಕದಲ್ಲಿ ಹಾಕುವ ತೆರಿಗೆ ರಿಟರ್ನ್) ಹಾಕಿ ವಾಪಸ್ ಪಡೆಯಬೇಕು.

ಭಾರತದಲ್ಲಿ ಪೂರ್ತಿ ರೆಸಿಡೆಂಟ್ ಆದ ಮೇಲೆ ಖಾತೆಯಲ್ಲಿ ವರ್ಷವರ್ಷ ಬೆಳೆದದ್ದಕ್ಕೂ ತೆರಿಗೆಯಾ ಅನ್ನೋ ಗೊಂದಲ ಬಹಳ ಕಾಲ ಇತ್ತು. 2021ರಲ್ಲಿ ಭಾರತದ ಆದಾಯ ತೆರಿಗೆ ಕಾಯ್ದೆಗೆ 89ಎ ಕಲಂ ತಂದರು. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಾದರೆ, ದುಡ್ಡು ತೆಗೆದಾಗ ತೆರಿಗೆ ಕಟ್ಟುವ ಆಯ್ಕೆ ಅದರಲ್ಲಿದೆ. ಹೊಸ ಕಾಯ್ದೆಯಲ್ಲಿ ಕಲಂ ನಂಬರು ಬೇರೆ, ಸವಲತ್ತು ಉಳಿದಿದೆ. ಅದಕ್ಕೊಂದು ಫಾರ್ಮ್ ಇದೆ, ರಿಟರ್ನ್‌ನ ಕಡೇ ದಿನದೊಳಗೆ ಹಾಕಬೇಕು. ಮೈಸೂರಿನ ಆಡಿಟರ್‌ಗೆ ನೀವೇ ನೆನಪಿಸಿ.

ಒಂದು ವೇಳೆ ಇಲ್ಲೇ ಉಳಿದುಬಿಟ್ಟರೆ? (ನಾವೆಲ್ಲ ಐದಾರು ವರ್ಷ ಅಂತಲೇ ಬಂದವರು.) ಆಗ ಲೆಕ್ಕ ಇನ್ನೂ ಚೆನ್ನಾಗಿದೆ. ಅರವತ್ತರ ಆಸುಪಾಸಿನ ಗಂಡ ಹೆಂಡತಿ, ಸಂಬಳ ನಿಂತಿದೆ, ಸೋಷಿಯಲ್ ಸೆಕ್ಯೂರಿಟಿ (ಅಮೆರಿಕ ಸರ್ಕಾರದ ಪಿಂಚಣಿ) ಇನ್ನೂ ಶುರುವಾಗಿಲ್ಲ. 2025ರ ದರದಲ್ಲಿ ಇಬ್ಬರಿಗೂ ಸೇರಿ ಸ್ಟ್ಯಾಂಡರ್ಡ್ ಡಿಡಕ್ಷನ್ 31,500. ಅದರ ಮೇಲಿನ 23,850ಕ್ಕೆ 10 ಪರ್ಸೆಂಟ್. ಬೇರೆ ಆದಾಯ ಇಲ್ಲದಿದ್ದರೆ 55,350 ತೆಗೆದು ಫೆಡರಲ್ ತೆರಿಗೆ ಕಟ್ಟೋದು ಬರೀ 2,385. ಅದೇ ದುಡ್ಡು ಹಾಕುವಾಗ ಉಳಿಸಿದ್ದು 22-24 ಪರ್ಸೆಂಟ್ ಲೆಕ್ಕದಲ್ಲಿ. ಸೋಷಿಯಲ್ ಸೆಕ್ಯೂರಿಟಿ ಶುರುವಾಗುವ ತನಕ ಹೀಗೆ ಸ್ವಲ್ಪ ಸ್ವಲ್ಪ ತೆಗೆಯುತ್ತಾ, ಇಲ್ಲವೇ ರಾತ್ ಐಆರ್‌ಎಗೆ (ಈಗಲೇ ತೆರಿಗೆ ಕಟ್ಟಿ, ಮುಂದೆ ತೆರಿಗೆಯಿಲ್ಲದೆ ತೆಗೆಯುವ ಖಾತೆ) ಬದಲಾಯಿಸುತ್ತಾ ಬರಬೇಕು. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ 75ರಿಂದ ಕಡ್ಡಾಯವಾಗಿ ತೆಗೆಸುತ್ತಾರೆ. ಅಲ್ಲಿಯವರೆಗೆ ಮುಟ್ಟದೆ ಕೂತರೆ ಸ್ಲ್ಯಾಬ್ ಏರುತ್ತದೆ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅಷ್ಟು ನಿರಾಳ. ಮುಂದೆ ಕ್ಯಾಲಿಫೋರ್ನಿಯಾಗೆ ಹೋದರೂ ಹೆದರಬೇಡಿ. ಆ ರಾಜ್ಯ ಬಿಟ್ಟ ಮೇಲೆ ತೆಗೆದರೆ ಇಂಥ ಖಾತೆಗಳ ದುಡ್ಡಿನ ಮೇಲೆ ಅದು ತೆರಿಗೆ ಹಾಕುವಂತಿಲ್ಲ.

ನಿಮ್ಮ ಕಂಪನಿ ಎಷ್ಟು ಪರ್ಸೆಂಟ್ ಮ್ಯಾಚ್ ಕೊಡುತ್ತದೆ, ಎಷ್ಟು ವರ್ಷಕ್ಕೆ ಅದು ವೆಸ್ಟ್ ಆಗುತ್ತದೆ, ಅಂದರೆ ಪೂರ್ತಿ ನಿಮ್ಮದಾಗುತ್ತದೆ, ಅಂತ ಎಚ್‌ಆರ್ ಹತ್ತಿರ ಕೇಳಿ ತಿಳಿಸಿ. ತಿಂಗಳಿಗೆ ಎಷ್ಟು ಹಾಕೋದು ಅಂತ ಆಮೇಲೆ ಲೆಕ್ಕ ಹಾಕೋಣ.