ರಿಪೋರ್ಟ್‌ನಲ್ಲಿ ಪಿ53 ಜಾಸ್ತಿ ಇದ್ದರೆ ಒಳ್ಳೆಯದೇ?

ಅಮ್ಮನ ನಾಲಿಗೆಯ ಬಯಾಪ್ಸಿಯಲ್ಲಿ ಪಿ53 ಜಾಸ್ತಿ ಅಂತ ಬಂದಿದೆ, ಅದು ಕ್ಯಾನ್ಸರ್ ತಡೆಯುವ ಜೀನ್ ಅಲ್ವಾ, ಹಾಗಾದರೆ ಒಳ್ಳೆಯದೇ ತಾನೇ ಎಂದು ಕೇಳಿದ್ದೀರಿ. ನಾನು ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಇಂಥ ಸ್ಲೈಡ್‌ಗಳನ್ನೇ ಮಾಡುವವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಇದೇ ಗೊಂದಲ ಇತ್ತು.

ಈ ಜೀನ್ ಇರುವುದು ನಮ್ಮ 17ನೇ ಕ್ರೋಮೋಸೋಮ್‌ನಲ್ಲಿ. ಆರೋಗ್ಯವಾಗಿರುವ ಜೀವಕೋಶದಲ್ಲಿ ಪಿ53 ಪ್ರೋಟೀನ್ ತಯಾರಾಗುತ್ತಲೇ ಇರುತ್ತದೆ, ಆದರೆ ಉಳಿಯುವುದಿಲ್ಲ. ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಆ ಹಿಡಿತ ಸಡಿಲವಾಗುತ್ತದೆ. ಆಗ ಪಿ53 ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸಿ, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಿದ್ದರೆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಮಲ್ಪೆ ಬೀಚಿನ ಬಿಸಿಲಲ್ಲಿ ಆಡಿ ಬಂದರೆ ಮೈ ಕಪ್ಪಾಗುತ್ತದಲ್ಲ, ಅದರಲ್ಲೂ ಪಿ53 ಕೈವಾಡವಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಂಡಿಎಂ2 ಜಾಸ್ತಿ ತಯಾರಾಗುವಂತೆ ಮಾಡುವುದೂ ಪಿ53ಯೇ. ಜೀನ್‌ನಲ್ಲಿ ಒಂದಕ್ಷರ ತಪ್ಪಿ ಪ್ರೋಟೀನ್ ಕೆಟ್ಟರೆ ಆ ಕೆಲಸವೂ ನಿಲ್ಲುತ್ತದೆ. ತೆಗೆದುಹಾಕುವವರಿಲ್ಲದೆ ಕೆಟ್ಟ ಪಿ53 ಕೋಶದಲ್ಲಿ ರಾಶಿ ಬೀಳುತ್ತದೆ. ರಿಪೋರ್ಟ್‌ನಲ್ಲಿ ಕಾಣುವ 'ಜಾಸ್ತಿ' ಸಾಮಾನ್ಯವಾಗಿ ಇದೇ.

ಲ್ಯಾಬ್‌ನಲ್ಲಿ ಇದನ್ನು ನೋಡಲು, ಬಯಾಪ್ಸಿ ತುಣುಕನ್ನು ಕೂರಿಸಿದ ಮೇಣದ ಬ್ಲಾಕ್‌ನಿಂದ 4 ಮೈಕ್ರಾನ್ ದಪ್ಪದ ಪದರ ಕತ್ತರಿಸಿ, ಬೆಚ್ಚನೆ ನೀರಿನ ಮೇಲೆ ತೇಲಿಸಿ, ಗಾಜಿಗೆ ಹಿಡಿದು, ಪಿ53ಗೆ ಮಾತ್ರ ಹತ್ತುವ ಬಣ್ಣ ಹಾಕುತ್ತೇವೆ. ಚೆನ್ನಾಗಿರುವ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ತಿಳಿ ಕಂದು ಚುಕ್ಕೆ. ಗಡ್ಡೆ ಇರುವ ಕಡೆ ಕೋಶಕೇಂದ್ರಗಳೆಲ್ಲ ಒಂದೇ ಸಮ ಹುರಿದ ಕಾಫಿಬೀಜದ ಹಾಗೆ. ಕೆಲವು ಗಡ್ಡೆಗಳಲ್ಲಿ ಬಣ್ಣವೇ ಹತ್ತುವುದಿಲ್ಲ. ಅಲ್ಲೂ ಜೀನ್ ಕೆಟ್ಟಿರುತ್ತದೆ, ಪ್ರೋಟೀನೇ ಇರುವುದಿಲ್ಲ.

1979ರಲ್ಲಿ ಪಿ53 ಸಿಕ್ಕಿದಾಗ ವಿಜ್ಞಾನಿಗಳಿಗೂ ಗೊಂದಲವಾಗಿತ್ತು, ಆದರೆ ಉಲ್ಟಾ. ಗಡ್ಡೆಗಳಲ್ಲಿ ರಾಶಿ ಕಂಡು, ಇದೇ ಕ್ಯಾನ್ಸರ್ ತರುವ ಜೀನ್ ಎಂದುಕೊಂಡರು. ಪ್ರಯೋಗಕ್ಕೆ ಬಳಸುತ್ತಿದ್ದದ್ದೇ ಕೆಟ್ಟ ಪ್ರತಿ ಎಂದು ಗೊತ್ತಾಗಲು 1989 ಬರಬೇಕಾಯಿತು.

ಅಮ್ಮ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು, ನಮಗೂ ಬರುತ್ತದಾ ಎಂದೂ ಕೇಳಿದ್ದೀರಿ. ಇಂಥ ಕಡೆ ಜೀನ್ ಕೆಡುವುದು ಹೆಚ್ಚಾಗಿ ಗಡ್ಡೆಯ ಕೋಶಗಳಲ್ಲಿ ಮಾತ್ರ, ಅದು ಮಕ್ಕಳಿಗೆ ದಾಟುವುದಿಲ್ಲ. ಹುಟ್ಟಿನಿಂದಲೇ ಕೆಟ್ಟ ಪ್ರತಿ ಬರುವ ಲಿ-ಫ್ರಾಮೆನಿ ಎಂಬ ಕಾಯಿಲೆಯ ಕುಟುಂಬಗಳಿವೆ, ತುಂಬಾ ಅಪರೂಪ. ನಿಮ್ಮ ಮನೆಯಲ್ಲಿ ಸಣ್ಣ ವಯಸ್ಸಿನಲ್ಲೇ ಹಲವರಿಗೆ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಹೇಳಿ. ಅಮ್ಮನ ಚಿಕಿತ್ಸೆಯಂತೂ ಮುಖ್ಯವಾಗಿ ಗಡ್ಡೆ ಎಷ್ಟು ಆಳಕ್ಕಿದೆ, ಕುತ್ತಿಗೆಯ ಗ್ರಂಥಿಗೆ ಹೋಗಿದೆಯಾ ಎಂಬುದರ ಮೇಲೆ ನಿಂತಿದೆ. ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಕೇಳಿ.